ಪಡಸಾಲೆಯ ಮಂಡಳಿ

ಆಜಿಯ ವಾಡೆ ಮೊದಲ ಸಲ ಬರಿದಾದದ್ದು ಶ್ರಾವಣದ ಎರಡನೇ ಸೋಮವಾರ, ದೀಪ ಹಚ್ಚುವ ಹೊತ್ತಿಗೆ. ನನ್ನ ತಾಯಿ, ಆಯಿ, ಅಡಿಗೆಮನೆಯಲ್ಲಿ ಆಮಟಿಗೆ ಒಗ್ಗರಣೆ ಕೊಡುತ್ತಿದ್ದಳು. ಒಳಕೋಣೆಯಿಂದ ಆಜಿ ಕೂಗಿದ ಕೂಗಿಗೆ ಅವಳ ಮಗ, ನನ್ನ ಬಾಬಾ, ಕೈಲಿದ್ದ ಪೇಪರು ಬಿಸುಟು ಓಡಿದರು.

"ಯಾರೂ ಇಲ್ಲೋ! ಒಬ್ಬರೂ ಉಳಿದಿಲ್ಲೋ!"

"ಯಾರು ಹೋದ್ರು? ಎಲ್ಲಿಂದ ಫೋನ್ ಬಂತು?"

"ಗೋದೂ ಮಾವಶಿ ಇಲ್ಲ, ಪರಾಂಜಪೆ ಮಾಸ್ತರ ಇಲ್ಲ, ಆ ಕುಂಟ ಶಿಂಪಿಗನೂ ಇಲ್ಲ. ನೋಡು, ಬರೇ ಅಂಗಳ!"

ಬಾಬಾ ಹಣೆ ಚಚ್ಚಿಕೊಂಡರು. "ಅವರೆಲ್ಲಾ ಸತ್ತು ಎಷ್ಟು ಕಾಲ ಆತು! ನಾ ಈಗ ಯಾರೋ ಹೋದ್ರು ಅಂತ ಎದಿ ಹಿಡಕೊಂಡು ಓಡಿ ಬಂದೆ."

ವಾಡೆ ಇದ್ದದ್ದು ಆಜಿಯ ಫೋನಿನಲ್ಲಿ. ನಮ್ಮ ವೈನಿ, ಅಂದರೆ ನನ್ನ ಅಣ್ಣ ದಾದಾನ ಹೆಂಡತಿ ಕೇತಕಿ, ತಯಾರಿಸುತ್ತಿದ್ದ ಆಟ ಅದು. ಆಡುವವರ ಕೈಗೆ ಒಂದು ಹಳೆಯ ವಾಡೆ ಬರುತ್ತದೆ: ಒಂದು ಅಂಗಳ, ಸುತ್ತ ಬಾಡಿಗೆಯ ಕೋಣೆಗಳು, ಒಂದೇ ನಲ್ಲಿ. ಬಾಡಿಗೆದಾರರು ಕೊಡ, ಹಾಸಿಗೆ, ಜಗಳ ಎಲ್ಲ ಹೊತ್ತು ಬರುತ್ತಾರೆ. ನೀರಿನ ಪಾಳಿ ಹಚ್ಚಬೇಕು, ಮುನಿಸಿಕೊಂಡವರನ್ನು ಕೂಡಿಸಬೇಕು, ಹಾಗೆ ವಾಡೆ ಬೆಳೆಯಬೇಕು. ಹೊರಗೆ ನಿಜವಾಗಿ ಸಂಜೆಯಾದಾಗ ಆಟದೊಳಗೂ ದೀಪ ಹತ್ತಿ ಆ ದಿನದ ಆಟ ಫೋನಿನಲ್ಲಿ ಉಳಿದುಕೊಳ್ಳುತ್ತದೆ. ಆಜಿ ಮದುವೆಯಾಗಿ ಬಂದು ಸಂಸಾರ ಮಾಡಿದ್ದು ಪುಣೆಯ ನಾರಾಯಣ ಪೇಠೆಯ ಒಂದು ವಾಡೆಯಲ್ಲಿ. ಬಿಲ್ಡರ್ ಅದನ್ನು ಕೆಡವಿಸಿದ, ಈಗ ಅಲ್ಲಿ ಕಾರು ನಿಲ್ಲಿಸುತ್ತಾರೆ. ಆಟದ ಬಾಡಿಗೆದಾರರಿಗೆಲ್ಲ ಆಕೆ ಆ ವಾಡೆಯವರ ಹೆಸರನ್ನೇ ಇಟ್ಟಿದ್ದಳು.

ವೈನಿ ಪಡಸಾಲೆಯಿಂದ ಬಂದು ಫೋನು ಕೈಗೆ ತೆಗೆದುಕೊಂಡಳು. "ಆಜಿ, ಯಾವುದಾದ್ರೂ ಗುಂಡಿ ಒತ್ತಿದ್ರೇನು? ಹೊಸದಾಗಿ ಶುರು ಮಾಡು ಅಂತ ಒಂದು ಬರ್ತದ ನೋಡ್ರಿ."

"ನಾ ಏನೂ ಮುಟ್ಟಿಲ್ಲ."

"ಗೊತ್ತಿಲ್ಲದ ಕೈ ತಾಗಿರಬಹುದು."

"ನನ್ನ ಕೈ ನನಗ ಗೊತ್ತಿಲ್ಲ? ನಿನ್ನ ಗಂಡನ ತೊಟ್ಟಿಲಾ ತೂಗಿದ ಕೈ ಇದು!"

ಆವತ್ತಿನಿಂದ ಆಜಿ ವೈನಿಯ ಜೊತೆ ಮಾತು ಬಿಟ್ಟಳು. ಅನ್ನಕ್ಕೆ ಬೇಳೆ ಬೇಕಾದರೆ ಗೋಡೆಗೆ ಹೇಳುವಳು: "ಯಾರರೆ ಒಂದು ಸೌಟು ವರಣ ಹಾಕಿದ್ರ ಉಣ್ತೀನಿ." ವೈನಿ ಹಾಕುವಳು. ಆಜಿ ಆಯಿಯ ಕಡೆ ತಿರುಗಿ "ಉಪ್ಪು ಕಡಿಮಿ" ಅನ್ನುವಳು.

ವೈನಿ ನೌಕರಿ ಬಿಟ್ಟದ್ದು ಗುಡಿ ಪಾಡವೆಗೆ, ಅಂದರೆ ಯುಗಾದಿಗೆ. ಅಲ್ಲಿಯವರೆಗೆ ಬಾಣೇರಿನ ಒಂದು ಕಂಪನಿಯಲ್ಲಿ ಪರದೇಶದ ದೊಡ್ಡ ದೊಡ್ಡ ಆಟಗಳಿಗೆ ಕುರ್ಚಿ, ಪೀಪಾಯಿ, ಮುರಿದ ಬಾಗಿಲು, ಬಂದೂಕಿನ ಹಿಡಿಕೆಯ ಚಿತ್ರ ಬಿಡಿಸುತ್ತಿದ್ದಳು. ಯಾವ ಆಟಕ್ಕೆ ಅಂತ ಮನೆಯಲ್ಲೂ ಹೇಳುವಂತಿಲ್ಲ, ಸಹಿ ಮಾಡಿಸಿಕೊಂಡಿರುತ್ತಾರೆ. ಹೆಣ್ಣು ನೋಡಲು ಹೋದಾಗ ಬಾಬಾ "ಏನು ಕೆಲಸ ಮಾಡ್ತೀ ಮಗಳ?" ಎಂದರೆ ಅವಳು "ಹೇಳೋ ಹಂಗಿಲ್ಲ" ಅಂದಿದ್ದಳು. ಪೊಲೀಸ್ ಖಾತೆಯವಳೆಂದು ಬಾಬಾ ಬಹಳ ದಿನ ನಂಬಿದ್ದರು. ಆಟ ಮುಗಿದು ಪರದೆಯ ಮೇಲೆ ಹೆಸರುಗಳು ಸಾಲಾಗಿ ಏರುತ್ತವಲ್ಲ, ಅಲ್ಲಿ ಆ ಪರದೇಶದ ಆಫೀಸಿನಲ್ಲಿ ಊಟ ಬಡಿಸಿದವರ ಹೆಸರೂ ಇರುತ್ತಿತ್ತು. ಕುರ್ಚಿ ಬಿಡಿಸಿದ ನಮ್ಮವರದು ಇಲ್ಲ. ಅವರ ಕುರ್ಚಿ ಮುರಿದು ಬೀಳಲಿ.

ನೌಕರಿ ಬಿಟ್ಟು, ಮಿರಜಿನಿಂದ ಬಂದ ರೌಫನನ್ನು ಜೊತೆಗೆ ಹಾಕಿಕೊಂಡು ನಮ್ಮ ಪಡಸಾಲೆಯಲ್ಲಿ ಎರಡು ಕಂಪ್ಯೂಟರು ಇಟ್ಟಳು. ಚಿತ್ರ ಅವಳದು, ಒಳಗಿನ ಲೆಕ್ಕಾಚಾರದ ಬರಹವೆಲ್ಲ ರೌಫನದು. ಮೂರನೆಯವನು ನಾನು, ಮಕರಂದ. ನಾನು ಹತ್ತನೆಯದರ ನಡುವೆ ಶಾಲೆ ಬಿಟ್ಟೆ, ಯಾರೂ ಬಿಡಿಸಲಿಲ್ಲ. ನನ್ನ ಕೆಲಸ ಆಟ ಕೆಡಿಸುವುದು. ಗೋಡೆಗೆ ಹಾಯುವುದು, ಎರಡು ಬಾಗಿಲು ಒಟ್ಟಿಗೆ ತೆಗೆಯುವುದು, ಮಾಡಬೇಡ ಅಂದದ್ದನ್ನೇ ಮಾಡುವುದು, ಎಲ್ಲಿ ಮುರಿಯುತ್ತದೆ ಎಂದು ಬರೆದಿಡುವುದು. ಶಾಲೆಯಲ್ಲಿ ಇದಕ್ಕೇ ಬಡಿಯುತ್ತಿದ್ದರು. ವೈನಿ ತಿಂಗಳು ತಿಂಗಳು ಕೈಗೆ ಏನಾದರೂ ಕೊಟ್ಟು "ನಿನ್ನ ಕಣ್ಣು ಛಲೋ ಅದ" ಅಂದಳು. ಹಾಗೆ ನನಗೆ ಅಂದವರು ಬೇರೆ ಯಾರೂ ಇರಲಿಲ್ಲ.

ಬಾಬಾಗೆ ಇದು ಕೆಲಸವೇ ಅಲ್ಲ. ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿ ನಿವೃತ್ತರಾದವರು, ಟಿಕೀಟು ಹರಿಯದೆ ಯಾರೂ ಮುಂದೆ ಹೋಗಬಾರದು. ಪಡಸಾಲೆ ಕೊಟ್ಟಾಗಲೇ ಕರಾರು ಹಾಕಿದ್ದರು.

"ಗಣಪತಿ ಕೂಡೋ ಹೊತ್ತಿಗೆ ಈ ಡಬ್ಬಿಗೋಳು ಇಲ್ಲಿರಬಾರದು. ದೇವರು ಪಡಸಾಲ್ಯಾಗ ಕೂಡ್ತಾನ, ಪಾಯಖಾನಿ ಮುಂದ ಅಲ್ಲ. ಮತ್ತ ಇಂವಾ," ನನ್ನ ಕಡೆ ಬೆರಳು ತೋರಿಸಿ, "ವಿಸರ್ಜನ ಮುಗದ ಮರುದಿನ ಭೋಸರಿಗೆ ಹೋಗ್ತಾನ. ಅಲ್ಲಿ ಕಾರ್ಖಾನ್ಯಾಗ ಲೇತ್ ಮಶೀನ್ ಕಲಿಸ್ತೀನಿ ಅಂತ ನನ್ನ ಗೆಳೆಯ ಸದಾ ಒಪ್ಪ್ಯಾನ."

"ಆಟ ಓಡಿದ್ರ, ಬಾಬಾ?" ಎಂದು ವೈನಿ.

"ಓಡಿದ್ರ ಬ್ಯಾರೆ ಜಾಗ ಹಿಡೀರಿ, ಇವನ್ನ ಕಾಯಂ ಮಾಡಕೋ. ಯಾರು ಬ್ಯಾಡಂದ್ರು?"

ಓಡುವ ದಾರಿಯೂ ಆಗಿತ್ತು. ಫೋನಿಗೆ ಆಟ ಇಳಿಸಿಕೊಳ್ಳುವ ಅಂಗಡಿ ಇದೆಯಲ್ಲ, ಅವರು ಗಣಪತಿಯ ವಾರ ನಮ್ಮ ವಾಡೆಯನ್ನು ಮೊದಲ ಪುಟದ ತಲೆಯ ಮೇಲೆ ಇಡುವುದಾಗಿ ಮಾತು ಕೊಟ್ಟಿದ್ದರು. ಆ ಜಾಗ ಸಿಕ್ಕರೆ ಇಡೀ ದೇಶ ನೋಡುತ್ತದೆ. ತಪ್ಪಿದರೆ ವೈನಿ ತಿರುಗಿ ಕುರ್ಚಿಗೆ, ರೌಫ್ ಹೈದರಾಬಾದಿಗೆ, ನಾನು ಭೋಸರಿಗೆ. ರೌಫನಿಗೆ ಅಲ್ಲಿ ಒಂದು ಪರದೇಶದ ಕಂಪನಿಯಿಂದ ಕರೆ ಬಂದು ಕೂತಿತ್ತು. ಅವನು ಹ್ಞೂಂ ಅಂದಿರಲಿಲ್ಲ, ಊಹೂಂ ಅಂದಿರಲಿಲ್ಲ.

ಆಜಿಯ ವಾಡೆ ಹೋದದ್ದನ್ನು ನಾನು ದೋಷಗಳ ಪಟ್ಟಿಯಲ್ಲಿ ಬರೆದೆ. ರೌಫ್ ಎರಡು ದಿನ ನೋಡಿ "ಮತ್ತೆ ಆಗಲಿಲ್ಲ" ಎಂದು ಆ ದೂರು ಮುಚ್ಚಿದ. ನಾನು ತಿರುಗಿ ತೆರೆದೆ. ವೈನಿ ಮುಚ್ಚಿದಳು. ನಾನು ಮತ್ತೆ ತೆರೆದೆ.

"ಮಕ್ಯಾ, ಸಾಕು. ತೋರಿಸು, ಇಲ್ಲಾ ಬಿಡು," ಎಂದಳು ವೈನಿ ರೊಟ್ಟಿ ಬಡಿಯುತ್ತ. ಅವಳ ಪಾಳಿಯ ದಿನ ಅವಳೇ ಭಾಕರಿ ಮಾಡಬೇಕು, ಆಟ ಮಾಡಲಿ ಬಿಡಲಿ.

"ಆಜಿ ಸುಳ್ಳು ಹೇಳ್ತಾಳೇನು?"

"ಸುಳ್ಳು ಅಂತ ಯಾರಂದ್ರು? ವಯಸ್ಸಾಗ್ಯದ ಅಂದೆ."

"ಅದ್ನ ಆಕಿ ಮುಂದ ಅನ್ನು."

"ಅಂದ್ರ ಇರೋ ಉಪ್ಪೂ ಕಡಿಮಿ ಆಗ್ತದ," ಎಂದಳು ಆಯಿ. ನಕ್ಕವಳು ಆಯಿ ಒಬ್ಬಳೇ.

ಪರೀಕ್ಷೆಗೆಂದು ಬುಧವಾರ ಪೇಠೆಯಿಂದ ತಂದ ಹಳೆಯ ಫೋನುಗಳು ಪಡಸಾಲೆಯ ಕಿಟಕಿಯಲ್ಲಿ ಸಾಲಾಗಿ ಇರುತ್ತಿದ್ದವು, ಅಗ್ಗದ್ದು, ಒಡೆದದ್ದು, ಎಲ್ಲ ನಮೂನೆಯದು. ಪ್ರತಿಯೊಂದರಲ್ಲೂ ವಾಡೆ ಕಟ್ಟಿದೆ. ಬ್ಯಾಟರಿ ಸಾಯಿಸಿದೆ. ವೈಫೈ ಕಿತ್ತೆ. ದೀಪ ಹತ್ತುವಾಗ ಫೋನನ್ನು ತಲೆಕೆಳಗೆ ಮಾಡಿದೆ. ಒಬ್ಬ ಬಾಡಿಗೆದಾರನೂ ಅಲುಗಲಿಲ್ಲ. ಅಷ್ಟರಲ್ಲಿ ಆಜಿ ಹಟ ಹಿಡಿದು ಮತ್ತೆ ಕಟ್ಟಿದಳು, ಗೋದೂ ಮಾವಶಿಗೆ ಮತ್ತೆ ಮೂಲೆಯ ಕೋಣೆ ಕೊಟ್ಟಳು. ನೂಲು ಹುಣ್ಣಿಮೆಯ ಮರುದಿನ ಅದೂ ಹೋಯಿತು. ಈ ಸಲ ಆಕೆ ಕೂಗಲಿಲ್ಲ. ಫೋನನ್ನು ಸೀರೆಯ ಮಡಿಕೆಯಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟಳು.

"ಊಟಕ್ಕ ಬಾ," ಎಂದೆ.

"ಎರಡು ಸಲ ನೂಕಿದ್ರು ನನ್ನ ಆ ವಾಡೇದಿಂದ. ಮೊದಲು ಬಿಲ್ಡರ್, ಈಗ ಮನಿ ಸೊಸಿ," ಎಂದಳು. ಊಟಕ್ಕೆ ಬರಲಿಲ್ಲ.

ರವಿವಾರ ಮಂಡಳಿ ಸೇರುವ ದಿನ. ಪುಣೆಯಲ್ಲಿ ಆಟ ಮಾಡುವ ನಮ್ಮಂಥ ಸಣ್ಣವರೆಲ್ಲ ಯಾರದಾದರೂ ಮನೆಯಲ್ಲಿ ಕೂಡಿ ಒಬ್ಬರ ಆಟ ಇನ್ನೊಬ್ಬರು ಆಡಿ ನೋಡುತ್ತಾರೆ. ಒಂದೇ ಕಟ್ಟಳೆ: ಆಟ ಮಾಡಿದವರು ಬಾಯಿ ಮುಚ್ಚಿಕೊಂಡು ಕೂಡಬೇಕು. ಆಡುವವನು ತಪ್ಪು ಬಾಗಿಲಿಗೆ ತಲೆ ಗುದ್ದುತ್ತಿದ್ದರೂ "ಆ ಕಡೆ ಹೋಗು" ಅನ್ನುವಂತಿಲ್ಲ. ಕೊಂಡವರ ಪಕ್ಕದಲ್ಲಿ ನಾವು ಕೂತಿರುವುದಿಲ್ಲವಲ್ಲ. ಮೊದಲು ಐದಾರು ಜನ ಬರುತ್ತಿದ್ದರು. ಈಗ ಚಪ್ಪಲಿ ಮೆಟ್ಟಿಲಿಗೆ ಇಳಿದಿದ್ದವು. ಕಾಲೇಜು ಮುಗಿಸದವರು, ಕಾಲೇಜಿನಲ್ಲಿ ಕಲಿಸುವವರು, ನಾಂದೇಡಿನಿಂದ ರಾತ್ರಿ ಬಸ್ಸು ಹತ್ತಿ ಬಂದವನು. ಆಯಿ ದೊಡ್ಡ ಪಾತೇಲಿ ತುಂಬ ಪೋಹೆ ಮಾಡಿದ್ದಳು.

"ಮಂಡಳಿ ಅಂತೀರಿ, ಗಣಪತಿ ಎಲ್ಲಿ?" ಎಂದು ಬಾಬಾ ಬಾಗಿಲಲ್ಲೇ ಒಬ್ಬ ಹುಡುಗನನ್ನು ಹಿಡಿದರು.

"ಕಾಕಾ, ನಮ್ಮ ಗಣಪತಿ ಇನ್ನಾ ಕೂತಿಲ್ಲ, ರೊಕ್ಕ ಹಾಕೋರು ಸಿಕ್ಕಿಲ್ಲ."

"ವರ್ಗಣಿ ಕೇಳ್ಲಿಕ್ಕೆ ನನ್ನ ಮನೀಗೇ ಬಂದೀಯೇನು!"

ನಾನು ಎಲ್ಲರಿಗೂ ಆಜಿಯ ವಾಡೆಯ ಕಥೆ ಹೇಳಿದೆ. ಎಲ್ಲರೂ ತಮ್ಮ ತಮ್ಮ ಪರೀಕ್ಷೆಯ ಫೋನು ತೆಗೆದು ಸಂಜೆಯವರೆಗೆ ಕೂತರು. ಔಂಧಿನ ದೇವಯಾನಿ ತಾಯಿ ಅಂತ, ಇಲ್ಲಿ ಅಕ್ಕನಿಗೆ ತಾಯಿ ಅನ್ನುತ್ತಾರೆ, ನಾಲ್ಕು ಜನರನ್ನು ಇಟ್ಟುಕೊಂಡು ಆಟ ಮಾಡುವಾಕೆ, ದೀಪ ಹತ್ತುವಾಗ ಫೋನನ್ನು ಎರಡು ಸಲ ನೆಲಕ್ಕೆ ಕೆಡವಿದರು. ಏನೂ ಆಗಲಿಲ್ಲ.

"ನಿನ್ನ ಆಜಿ ಕೈಯಾಗ ಏನೋ ಜಾದು ಅದ," ಎಂದು ನಕ್ಕು ಹೋದರು.

ಎಲ್ಲ ಹೋದ ಮೇಲೆ ರೌಫ್ ಪೋಹೆಯ ತಟ್ಟೆಗಳನ್ನು ತೊಳೆಯಲು ಒಯ್ಯುತ್ತ ವೈನಿಗೆ ಹೇಳಿದ, "ತಾಯಿ, ಶುಕ್ರವಾರ ಕಳಿಸಿಬಿಡೋಣ. ಹೈದರಾಬಾದಿನವರು ಕೇಳ್ಲಿಕತ್ತಾರ. ಗಣಪತಿಗೆ ಆಟ ಹೊರಗ ಬಂದ್ರ ನಾ ಅವರಿಗೆ ಬರೂದಿಲ್ಲ ಅಂತೀನಿ. ಇಲ್ಲಾಂದ್ರ ಅಬ್ಬಾನ ಮುಂದ ನನಗ ಬಾಯಿಲ್ಲ."

ಶುಕ್ರವಾರ ಆಟ ಅಂಗಡಿಗೆ ಹೋಯಿತು. ವೈನಿ ಪೇಢೆ ತಂದಳು. ಆಜಿ ತನ್ನ ಪಾಲಿನದನ್ನು ಕೆಲಸದ ಹೆಂಗಸಿಗೆ ಕೊಟ್ಟಳು.

ಶನಿವಾರ ಸಂಜೆ ನಾನು ಆಜಿಯ ಟ್ರಂಕಿನಿಂದ ಫೋನು ತೆಗೆದು ಆಕೆಯ ಮುಂದೆ ಕೂತೆ. "ನೀ ಆಡು. ನಾ ಬಾಯಿ ಮುಚ್ಚಿಕೊಂಡು ನೋಡ್ತೀನಿ."

"ಯಾಕ, ಮತ್ತ ನನ್ನ ಹುಚ್ಚಿ ಮಾಡ್ಲಿಕ್ಕ?"

"ಹುಚ್ಚ ನಾ ಆಗೀನಿ. ಆಡು."

ಆಡಿದಳು. ಇಬ್ಬರು ಬಾಡಿಗೆದಾರರು ಬಂದರು. ಹೊರಗೆ ಕತ್ತಲಾಗುತ್ತ ಬಂತು, ವಾಡೆಯಲ್ಲಿ ಒಂದೊಂದೇ ದೀಪ ಹತ್ತತೊಡಗಿತು. ಆಗ ಫೋನು ಒಮ್ಮೆ ಗಂಟೆ ಹೊಡೆದು ಸುಮ್ಮನಾಯಿತು. ಪರದೆ ಕಪ್ಪಾಗಿ ತಿರುಗಿ ಬೆಳಗಿದಾಗ ಅಂಗಳದಲ್ಲಿ ಯಾರೂ ಇರಲಿಲ್ಲ.

"ಯಾರದು ಫೋನು?"

"ನಮ್ಮ ತಂಗಿ ಕುಸುಮಂದು, ವಾಯಿ ಊರಿಂದ. ದೀಪಾ ಹಚ್ಚಿದ ಮ್ಯಾಲೆ ಒಂದು ಮಿಸ್ ಕಾಲ್ ಕೊಡ್ತಾಳ. ಅಂದ್ರ, ನಾ ಇನ್ನಾ ಇದ್ದೀನಿ ಅಂತ. ನಾ ತಿರುಗಿ ಒಂದು ಕೊಡ್ತೀನಿ. ಮುಗೀತು."

"ಆಜಿ, ಈಗ ಮಾತಾಡಿದ್ರೂ ಪುಗಸಟ್ಟಿ."

"ದಿನಾ ಏನ ಮಾತಾಡೋದು? ಇದ್ದಾಳ, ಅಷ್ಟ ಸಾಕು."

ನಾನು ರೌಫನನ್ನು ಎಳೆದು ತಂದೆ. ನನ್ನ ಫೋನಿನಿಂದ ಆಜಿಯ ಫೋನಿಗೆ ಒಂದು ಗಂಟೆ ಕೊಟ್ಟು ಕತ್ತರಿಸಿದೆ. ಗಡಿಯಾರ ಹಿಂದೆ ಸರಿಸಿ ದೀಪದ ಹೊತ್ತು ತಂದು ಮತ್ತೆ ಕೊಟ್ಟೆ. ಮೂರನೇ ಸಲಕ್ಕೆ ವಾಡೆ ಬರಿದಾಯಿತು. ರೌಫ್ ನೆಲದ ಮೇಲೆ ಕೂತುಬಿಟ್ಟ.

"ಆಟ ದೀಪದ ಹೊತ್ತಿಗೆ ಎಲ್ಲಾ ಬರದಿಡ್ತದ. ಬರೀಲಿಕತ್ತಾಗ ಕಾಲ್ ಬಂದ್ರ ಪೆನ್ನು ಕೆಳಗ ಇಡ್ತದ. ಪೂರಾ ಮಾತಾಡಿದ್ರ ತಿರುಗಿ ಅದ ಹಾಳಿ ಹುಡುಕ್ತದ. ಗಂಟೆ ಹೊಡದು ತಟ್ಟನ ನಿಂತ್ರ ಗಡಿಬಿಡಿಯಾಗಿ ಹೊಸಾ ಹಾಳಿ ತಗೊಳ್ತದ."

"ಇಷ್ಟು ದಿನಾ ಕಿಟಕ್ಯಾಗಿನ ಫೋನಿನ್ಯಾಗ ಯಾಕ ಆಗಲಿಲ್ಲ?"

ಅವನು ಕಿಟಕಿ ನೋಡಿದ. ನಾನೂ ನೋಡಿದೆ. ಅವುಗಳಲ್ಲಿ ಒಂದಕ್ಕೂ ಸಿಮ್ ಇರಲಿಲ್ಲ. ಮನೆಯ ವೈಫೈ ಇರುವಾಗ ಅಷ್ಟು ಫೋನಿಗೆ ರೀಚಾರ್ಜು ಯಾರು ಹಾಕುತ್ತಾರೆ? ನಮ್ಮ ಫೋನುಗಳಿಗೆ ಯಾರೂ ಫೋನು ಮಾಡುವಂತಿರಲಿಲ್ಲ. ನಾವು ಫೋನಿನ ಆಟ ಮಾಡುವವರು!

ವೈನಿ ಆಜಿಯ ಕಾಲು ಮುಟ್ಟಿ ತಪ್ಪಾಯಿತು ಅಂದಳು. ಆಜಿ "ಇರ್ಲಿ, ಏಳು" ಅಂದಳು. ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು.

"ಸರಿ ಮಾಡಿ ತಿರುಗಿ ಕಳಸೋಣ," ಎಂದೆ.

"ತಿರುಗಿ ಕಳಿಸಿದ್ರ ತಿರುಗಿ ತಪಾಸಣಿ. ಗಣಪತಿ ವಾರದ ಜಾಗ ಹೋಗ್ತದ," ಎಂದಳು ವೈನಿ. "ಈಗ ಹಿಂಗ ಬರ್ಲಿ. ಎರಡು ವಾರ ಬಿಟ್ಟು ಸರಿ ಮಾಡಿದ್ದು ಕೊಡೋಣ."

"ಎರಡು ವಾರದಾಗ ಎಷ್ಟು ಮಂದೀದು ಹೋಗ್ತದ?"

"ಸರಿಯಾಗಿ ಆ ಗಳಿಗ್ಯಾಗ ಮಿಸ್ ಕಾಲ್ ಬರೋದು ಎಷ್ಟು ಮಂದಿಗೆ?"

"ದೀಪಾ ಹಚ್ಚೋ ಹೊತ್ತಿಗೇ ಎಲ್ಲಾ ಮುದುಕಿಯರೂ ಫೋನ್ ಮಾಡ್ತಾರ! ಸಾಲ ಬೇಕೇನು ಅನ್ನೋರೂ ಒಂದು ಗಂಟೆ ಹೊಡದು ಇಡ್ತಾರ! ನೀ ಆಜೀಗೆ ಕಾಲು ಮುಟ್ಟಿದಿ, ಉಳಿದವರಿಗೆ ಯಾರ ಕಾಲು ಮುಟ್ತೀ?"

"ದನಿ ಇಳಿಸು. ನಾನೂ ಈ ಆಟಾ ಮಾಡ್ಲಿಕ್ಕೆ ನೌಕರಿ ಬಿಟ್ಟಾಕಿ."

ಮನೆಯವರೆಲ್ಲ ಅವಳ ಕಡೆ. ಬಾಬಾಗೆ ಪಡಸಾಲೆ ಬೇಕಿತ್ತು. ರೌಫನಿಗೆ ಹೈದರಾಬಾದಿನವರಿಗೆ ಬರುವುದಿಲ್ಲ ಅನ್ನಲು ಬಾಯಿ ಬೇಕಿತ್ತು. ಚಾಕಣದ ಕಾರ್ಖಾನೆಯಿಂದ ಎರಡನೇ ಪಾಳಿ ಮುಗಿಸಿ ಬಂದ ದಾದಾ, ಬೂಟು ಬಿಚ್ಚುವ ಮೊದಲೇ "ಆಕಿ ನಿನಗಿಂತ ದೊಡ್ಡಾಕಿ, ಬಾಯಿ ಮುಚ್ಚು" ಅಂದ. ಆಯಿ ಮಾತ್ರ ಯಾರ ಕಡೆಯೂ ಹೇಳಲಿಲ್ಲ. ನನ್ನ ತಾಟಿಗೆ ಒಂದು ಭಾಕರಿ ಹೆಚ್ಚು ಹಾಕಿದಳು. ನಾನು ಅದನ್ನು ಮುಟ್ಟದೆ ಎದ್ದೆ.

ದೇಶದ ಆಟ ಮಾಡುವವರೆಲ್ಲ ಇರುವ ಒಂದು ದೊಡ್ಡ ಗುಂಪು ನನ್ನ ಫೋನಿನಲ್ಲಿತ್ತು. ಮಹಡಿಯ ನೀರಿನ ಟಾಕಿಯ ಮೇಲೆ ಕೂತು ಬರೆದೆ: ನಿಮ್ಮ ಪರೀಕ್ಷೆಯ ಫೋನಿಗೆ ಸಿಮ್ ಹಾಕಿ, ಆಟ ಉಳಿಸಿಕೊಳ್ಳುವ ಗಳಿಗೆಗೆ ಒಂದು ಮಿಸ್ ಕಾಲ್ ಕೊಟ್ಟು ನೋಡಿ, ನಮ್ಮ ವಾಡೆ ಹಾಗೆ ಹೋಯಿತು. ಕಳಿಸಿದೆ.

ರವಿವಾರ ಮಧ್ಯಾಹ್ನದ ಹೊತ್ತಿಗೆ ಉತ್ತರಗಳು ಸುರಿಯತೊಡಗಿದವು. ಇಂದೋರಿನವನೊಬ್ಬ ತನ್ನ ರೈಲಿನ ಆಟದ ಡಬ್ಬಿಗಳೆಲ್ಲ ಮಾಯವಾದವು ಅಂದ. ಕೊಚ್ಚಿಯವಳ ದೋಣಿ ಹೋಯಿತು. ಗುವಾಹಟಿಯವರ ಆಟ ಹೊರಬಂದು ಒಂದು ವರ್ಷವಾಗಿತ್ತು, ಜನ ಬೈದದ್ದು ಯಾಕೆಂದು ಅವರಿಗೆ ಈಗ ತಿಳಿಯಿತು. ದೇವಯಾನಿ ತಾಯಿ ನನಗೇ ಫೋನು ಮಾಡಿದರು: "ಹುಡುಗಾ, ನಮ್ಮದೂ ಹೋತು! ನಾವು ಯಾರೂ ಸಿಮ್ ಹಾಕಿಲ್ಲಲ್ಲೋ, ಮೂರ್ಖರು!" ಅವರು ನಗುತ್ತಿದ್ದರೋ ಅಳುತ್ತಿದ್ದರೋ ಗೊತ್ತಾಗಲಿಲ್ಲ.

ಆ ಗುಂಪಿನಲ್ಲಿ ಅಂಗಡಿಯವರ ಕಡೆಯಾಕೆಯೂ ಇದ್ದಳು. ಸೋಮವಾರ ಅವಳ ಕಾಗದ ವೈನಿಗೆ ಬಂತು. ಬಹಳ ಮರ್ಯಾದೆಯಿಂದ ಬರೆದಿದ್ದಳು. ಮೊದಲು ಸರಿಮಾಡಿ, ಆಮೇಲೆ ಜಾಗ ಕೊಡುತ್ತೇವೆ, ಗಣಪತಿಯ ವಾರ ಈಗ ಬೇರೆಯವರಿಗೆ ಹೋಗಿದೆ.

ರಾತ್ರಿ ಊಟಕ್ಕೆ ಎಲ್ಲರೂ ಕೂತಿದ್ದೆವು. ಕಡಲೆಹಿಟ್ಟಿನ ಪಿಠಲ, ಭಾಕರಿ, ಹಸಿಮೆಣಸಿನ ಠೇಚಾ.

"ನೀ ಬರದಿ?" ಎಂದಳು ವೈನಿ.

"ನಾ ಬರದೆ."

"ನನ್ನ ಕೇಳಲಾರದ."

"ಕೇಳಿದ್ರ ಬ್ಯಾಡ ಅಂತಿದ್ದಿ."

"ದೋಷ ಹುಡುಕೋದು ನಿನ್ನ ಕೆಲಸ. ಅದನ್ನ ಯಾರಿಗೆ, ಯಾವಾಗ ಹೇಳಬೇಕು ಅನ್ನೋದು ನನ್ನ ಕೆಲಸ. ನಾ ಆ ಚಿತ್ರಾ ಬಿಡಿಸಿ ಬಿಡಿಸಿ ಕಣ್ಣು ಕಳಕೊಂಡೀನಿ, ಮಕ್ಯಾ. ರೌಫ್ ಇವತ್ತು ಹೈದರಾಬಾದಿಗೆ ಹ್ಞೂಂ ಅಂದ." ಅವಳ ದನಿ ಏರಲಿಲ್ಲ. "ನಾಳೆಯಿಂದ ನೀ ಕೆಲಸಕ್ಕ ಬರಬ್ಯಾಡ."

"ಎಲ್ಲಿಗೆ ಬರಬ್ಯಾಡ? ನಾ ಇಲ್ಲೇ ಮಲಗತೀನಿ!"

"ಮಲಗು. ಉಣ್ಣು. ಕಂಪ್ಯೂಟರ್ ಮುಟ್ಟಬ್ಯಾಡ."

"ನಿನ್ನ ಜಾಗದ ಸಲುವಾಗಿ ಮಂದಿ ಮನಿ ಮುರೀಬೇಕಾಗಿತ್ತೇನು?" ಎಂದು ತಾಟು ಸರಿಸಿದೆ. ಪಿಠಲ ಚೆಲ್ಲಿತು. ದಾದಾ ಏಳಲು ಹೋದ, ಬಾಬಾ ಅವನ ತೋಳು ಹಿಡಿದರು.

"ಮೊದಲು ಒರಸು," ಎಂದು ಆಯಿ ನನ್ನ ಕೈಗೆ ಬಟ್ಟೆ ಕೊಟ್ಟಳು. "ಆಮ್ಯಾಲೆ ಜಗಳಾಡು."

ಒರೆಸಿದೆ. ಕೆಲಸದಿಂದ ಕಿತ್ತುಹಾಕಿದವಳೇ ನನ್ನ ತಾಟಿಗೆ ಮತ್ತೆ ಪಿಠಲ ಬಡಿಸಿದಳು. ಅಂಥ ಅವಮಾನ ಯಾವ ಕಂಪನಿಯಲ್ಲೂ ಇರಲಿಕ್ಕಿಲ್ಲ.

ಚೌತಿಯ ಮುಂಚಿನ ದಿನ ಪಡಸಾಲೆ ಖಾಲಿಯಾಯಿತು. ಕಂಪ್ಯೂಟರುಗಳು ದಾದಾ-ವೈನಿಯ ಕೋಣೆಯ ಮಂಚದ ಕೆಳಗೆ ಹೋದವು. ರೌಫ್ ಹೋಗುವ ಮೊದಲು ಮೂರು ದಿನ ಅಡಿಗೆಮನೆಯ ಮೂಲೆಯಲ್ಲಿ ಕೂತು ಆ ದೋಷ ಸರಿಮಾಡಿದ. ನನ್ನನ್ನು ಕರೆದು, "ಗುಂಪಿನ್ಯಾಗ ಹಾಕಿದ್ದಿ ಅಂತ ನನಗ ಸಿಟ್ಟಿಲ್ಲ. ಈ ದೋಷಾ ಮಾಡಿದಾಂವ ಅಂತ ನನ್ನ ಹೆಸರೂ ಹಾಕಿಬಿಟ್ಟಿದ್ರ ಹೈದರಾಬಾದಿನವರು ಬ್ಯಾಡ ಅಂತಿದ್ರು, ಇಲ್ಲೇ ಇರ್ತಿದ್ದೆ," ಅಂದ. ನಕ್ಕ. ಆಯಿ ಅವನ ಚೀಲದಲ್ಲಿ ಉಂಡಿ ತುಂಬಿದಳು. ಗಣಪತಿ ಬಂದ, ಗೌರಿಯರು ಬಂದರು, ಪೂರಣ ಪೋಳಿಯಾಯಿತು. ಆರತಿಯಲ್ಲಿ ನಾನೂ ವೈನಿಯೂ ಅಕ್ಕಪಕ್ಕ ನಿಂತು ಚಪ್ಪಾಳೆ ತಟ್ಟಿದೆವು, ಮಾತಾಡಲಿಲ್ಲ. ಅವಳು ಹಳೆಯ ಕಂಪನಿಗೆ ಫೋನು ಮಾಡಿದ್ದಳು. ದಿನಕ್ಕೆ ಅರ್ಧ ಹೊತ್ತು ಮನೆಯಿಂದಲೇ ಕುರ್ಚಿ ಬಿಡಿಸುವ ಕೆಲಸ ಒಪ್ಪಿಕೊಂಡಳು.

ವಿಸರ್ಜನೆಯಾದ ಮರುದಿನ ಬಾಬಾ ಬೆಳಿಗ್ಗೆಯೇ ಅಂಗಿ ಹಾಕಿಕೊಂಡು ನಿಂತರು. "ನಡಿ. ಭೋಸರಿ ಬಸ್ಸಿಗೆ ಹೊತ್ತಾತು."

"ನಾ ಔಂಧಿಗೆ ಹೊಂಟೀನಿ. ದೇವಯಾನಿ ತಾಯಿ ಕರದಾರ. ವಾರಕ್ಕ ಎರಡು ದಿನಾ ಅವರ ಆಟ ಕೆಡಸಬೇಕು. ಇಂದೋರಿನವರೂ ಕೇಳ್ಯಾರ, ಮನೀಂದ ಮಾಡು ಅಂತ."

"ಕೆಡಸಲಿಕ್ಕೆ ರೊಕ್ಕ ಕೊಡ್ತಾರ?"

"ಕೊಡ್ತಾರ."

"ನೀ ಇಲ್ಲೀ ಮಟಾ ಪುಗಸಟ್ಟಿ ಕೆಡಸಿದ್ದಿ," ಎಂದರು ಬಾಬಾ. ಅಂಗಿ ಬಿಚ್ಚಲಿಲ್ಲ. ಔಂಧಿನವರೆಗೆ ನನ್ನ ಜೊತೆ ಬಸ್ಸಿನಲ್ಲಿ ಬಂದು, ಆ ಮನೆಯ ಬಾಗಿಲ ಮೇಲಿನ ಹಲಗೆ ಓದಿ, ದೇವಯಾನಿ ತಾಯಿಯನ್ನು ತಲೆಯಿಂದ ಕಾಲಿನವರೆಗೆ ನೋಡಿ ಹೋದರು.

ಆ ವಾರವೇ ಅಂಗಡಿಯವರಿಂದ ಇನ್ನೊಂದು ಕಾಗದ. ಜಾಗ ಇದೆ, ಪಿತೃಪಕ್ಷದಲ್ಲಿ. ಆ ಹದಿನೈದು ದಿನ ಯಾರೂ ಹೊಸದೇನನ್ನೂ ತರುವುದಿಲ್ಲ, ಅದಕ್ಕೇ ಖಾಲಿ.

"ಆಗೂದಿಲ್ಲ!" ಬಾಬಾ ಚಹದ ಕಪ್ಪು ಕುಕ್ಕಿದರು. "ಆ ದಿನದಾಗ ಕಸಬರಿಗಿ ಸೈತ ಕೊಳ್ಳೂದಿಲ್ಲ. ಆಟ ಬಿಡ್ತಾರಂತ!"

"ಬಾಬಾ, ಇದು ಬಿಟ್ರ ಮುಂದ ಯಾವಾಗೋ," ಎಂದಳು ವೈನಿ.

"ದಸರಾಕ್ಕ ಕೇಳು. ದೀಪಾವಳಿಗೆ ಕೇಳು."

"ದಸರಾ ದೊಡ್ಡವರು ತಗೊಂಡಾರ. ದೀಪಾವಳಿ ಇನ್ನೂ ದೊಡ್ಡವರು."

"ಹಂಗಂತ ತಿಥಿ ದಿನದಾಗ ತೋರಣ ಕಟ್ತೀಯೇನು?" ಎಂದಳು ಆಯಿ. ಆಕೆಯೂ ಈ ಸಲ ಬಾಬಾನ ಕಡೆ. ದಾದಾ ಹೆಂಡತಿಯ ಮುಖ ನೋಡಿದ, ತಾಯಿಯ ಮುಖ ನೋಡಿದ, ಪೇಪರು ಓದತೊಡಗಿದ. ನನ್ನನ್ನು ಯಾರೂ ಕೇಳಲಿಲ್ಲ, ನಾನು ಕೆಲಸದಿಂದ ಹೋದವನು.

ಆಜಿ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆ ಅಂದಳು, "ಆ ವಾಡ್ಯಾಗ ಇರೋರು ಯಾರು?"

"ಬಾಡಿಗೆದಾರರು," ಎಂದಳು ವೈನಿ.

"ಹೆಸರು ಹೇಳು."

"ಗೋದೂ ಮಾವಶಿ. ಪರಾಂಜಪೆ ಮಾಸ್ತರ."

"ಅವರೆಲ್ಲಾ ಎಲ್ಲಿದ್ದಾರ ಈಗ? ಮಕ್ಕಳಿಲ್ಲದ ಹೋದ್ರು ಅರ್ಧ ಮಂದಿ. ಅವರಿಗೆ ಎಡಿ ಇಡೋರು ಯಾರು?" ಆಜಿ ಮೊರ ಕೆಳಗಿಟ್ಟು ಬಾಬಾನ ಕಡೆ ತಿರುಗಿದಳು. "ನೀ ನಿಮ್ಮಪ್ಪಗ ಇಡ್ತೀ. ಗೋದೂಗ ಯಾರು ಇಡ್ತಾರ? ಅವರ ಪಕ್ಷದಾಗ ಅವರೇ ಬರ್ಲಿ. ನನ್ನ ಮನಿ ಸೊಸಿ ಕರೀಲಿಕತ್ತಾಳ, ಬರ್ಲಿ."

ಬಾಬಾ ಚಹದ ಕಪ್ಪು ಕೈಗೆತ್ತಿಕೊಂಡರು. "ಆ ಪರಾಂಜಪೆ ಮಾಸ್ತರನ ಕಡೆ ನಾ ಇಂಗ್ಲೀಷ್ ಕಲ್ತೆ," ಅಂದರು. ಚಹ ಕುಡಿದು ಎದ್ದರು.

ಪಿತೃಪಕ್ಷದ ಎರಡನೇ ದಿನ ಆಟ ಹೊರಬಂತು. ಬೆಂಕಿ ಹತ್ತಿದಂತೆ ಓಡಲಿಲ್ಲ. ದಿನದಿನಕ್ಕೆ ಇಷ್ಟಿಷ್ಟು ಜನ ಬಂದರು, ಬಂದವರು ಹೋಗಲಿಲ್ಲ. ಮಂಡಳಿಯವರು ತಮ್ಮ ತಾಯಂದಿರ, ಅಜ್ಜಿಯರ ಫೋನಿಗೆಲ್ಲ ಹಾಕಿಕೊಟ್ಟರು. ವೈನಿ ಕುರ್ಚಿ ಬಿಡಿಸುವುದು ಮುಗಿಸಿ ಸಂಜೆ ವಾಡೆಯ ಕೆಲಸಕ್ಕೆ ಕೂಡುತ್ತಿದ್ದಳು, ಒಬ್ಬಳೇ, ಮಂಚದ ಅಂಚಿಗೆ. ಜನರ ದೂರುಗಳಿಗೆ ಉತ್ತರ ಬರೆಯುತ್ತ ಕೂತವಳ ಬೆನ್ನು ಬಾಗಿಲಿನಿಂದ ಕಾಣುತ್ತಿತ್ತು. ಕರೆದರೆ ಹೋಗುತ್ತಿದ್ದೆ. ಕರೆಯಲಿಲ್ಲ. ನಾನಾಗಿ ಹೋಗುವವನಲ್ಲ.

ಆದರೆ ಆಡುವುದನ್ನು ಬಿಟ್ಟಿರಲಿಲ್ಲ. ಸರ್ವಪಿತೃ ಅಮಾವಾಸ್ಯೆಯ ಬೆಳಿಗ್ಗೆ ಒಂದು ಸಿಕ್ಕಿತು. ನೀರಿನ ಪಾಳಿಯನ್ನು ಎರಡು ಬೆರಳಿನಿಂದ ಒಟ್ಟಿಗೆ ಇಬ್ಬರ ಕಡೆ ಎಳೆದರೆ ನಲ್ಲಿ ಬಂದ್ ಆಗಿಬಿಡುತ್ತದೆ, ಯಾರಿಗೂ ನೀರಿಲ್ಲ. ಸಿಮ್ ಇದ್ದ ಫೋನಿನಲ್ಲಿ ನೋಡಿದೆ, ಇಲ್ಲದ್ದರಲ್ಲೂ ನೋಡಿದೆ. ಫೋನು ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ನಿಂತೆ. ಆಯಿ ಖೀರು ಕದಡುತ್ತಿದ್ದಳು. ವೈನಿ ವಡೆ ತಟ್ಟಿ ಎಣ್ಣೆಗೆ ಬಿಡುತ್ತಿದ್ದಳು.

"ವೈನಿ, ಒಂದು ಸಿಕ್ಕದ."

ಅವಳು ತಿರುಗಲಿಲ್ಲ. "ದೊಡ್ಡದೋ ಸಣ್ಣದೋ?"

"ನೀರು ನಿಲ್ತದ. ಪೂರಾ ವಾಡೇಕ್ಕ."

ಎಣ್ಣೆಯಲ್ಲಿ ವಡೆ ಉಬ್ಬಿತು. ಅವಳು ಮಗುಚಿದಳು. "ಯಾರಿಗೆ ಹೇಳೀದಿ?"

"ಯಾರಿಗೂ ಇಲ್ಲ. ನಿನಗ ಮೊದಲು ಹೇಳ್ಲಿಕ್ಕೆ ಬಂದೆ."

"ನನಗ ಹೇಳಿ ಏನ ಮಾಡ್ತೀ? ಕೈ ಹಿಟ್ಟಾಗ್ಯಾವ. ಗುಂಪಿನ್ಯಾಗ ಬರಿ."

"ಅಂಗಡಿಯಾಕಿ ನೋಡ್ತಾಳ."

"ನೋಡ್ಲಿ. ಬ್ಯಾರೆಯವರ ಆಟದಾಗೂ ಇರಬಹುದು, ಅವರೂ ನೋಡ್ಲಿ. ನಿನ್ನ ಹೆಸರು ಹಾಕಿ ಬರಿ. ಆಟದ ಕಡೀಗೆ ಏರೋ ಹೆಸರಿನ ಸಾಲಿನ್ಯಾಗೂ ಹಾಕೀನಿ ನಿಂದು, ನೋಡಿಲ್ಲೇನು? ಕಡೀತನಕ ಆಡಿಲ್ಲ ಅಂದ್ರ ಎಂಥ ತಪಾಸಣಿಗಾರ ನೀ." ಅವಳು ಮುಂಗೈಯಿಂದ ಹಣೆಯ ಬೆವರು ಒರೆಸಿಕೊಂಡಳು. "ನಾಳೆ ಎಲ್ಲಿ ಕೆಲಸ?"

"ಔಂಧ್."

"ನಾಡದು?"

"ಎಲ್ಲೂ ಇಲ್ಲ."

"ನಾಡದು ಇಲ್ಲಿ ಕೂಡು."

ನಾನು ಗೋಡೆಗೆ ಒರಗಿ ನೆಲದ ಮೇಲೆ ಕೂತು ಬರೆಯತೊಡಗಿದೆ. "ಕಾಲು ಸರಸು, ಖೀರು ಸುಡ್ತದ," ಎಂದು ಆಯಿ ನನ್ನನ್ನು ದಾಟಿದಳು. ಮಹಡಿಯಿಂದ ಬಾಬಾ ಕೂಗಿದರು, ಇನ್ನೂ ಒಂದು ಕಾಗೆಯೂ ಬಂದಿಲ್ಲ, ಇನ್ನೊಂದು ವಡೆ ಕೊಡಿ ಎಂದು.

ಬರೆದದ್ದನ್ನು ವೈನಿಗೆ ಓದಿ ಹೇಳಿದೆ: "ನೀರಿನ ಪಾಳಿಯನ್ನು ಇಬ್ಬರಿಗೆ ಒಟ್ಟಿಗೆ ಕೊಟ್ಟರೆ ಬಹುಶಃ ನಲ್ಲಿ ನಿಲ್ಲುತ್ತದೆ."

"ಬಹುಶಃ ತೆಗಿ," ಎಂದಳು ವೈನಿ. "ನಿಲ್ತದ ಅಂದ್ರ ನಿಲ್ತದ."

ತೆಗೆದೆ. ಕಳಿಸಿದೆ.